ಹದಿನೆಂಟು ತುಂಬಿದ ಮೇಲೆ

ಹಾಸನ ಸೀಮೆಯಲ್ಲಿ ಮಗುವಿಗೆ ಮಾತು ಬರಲಿಲ್ಲವೆಂದರೆ ಅಪ್ಪ ಅಮ್ಮ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಎತ್ತಿಕೊಂಡು ಹೋಗುತ್ತಾರೆ. ಆಟಿಸಂ ಎಂದು ಗೊತ್ತಾಗಿ, ತರಬೇತಿ ಕೊಡಿಸಿ, ಶಾಲೆ ಹುಡುಕುವಷ್ಟರಲ್ಲಿ ವರ್ಷಗಳು ಉರುಳುತ್ತವೆ. ಕಾನೂನು ಕೊಟ್ಟಿರುವ ಉಚಿತ ಶಿಕ್ಷಣದ ಹಕ್ಕು ಹದಿನೆಂಟಕ್ಕೆ ಮುಗಿಯುತ್ತದೆ. ಆಮೇಲೆ ಬೆಳೆದ ಮಗ ಜಗಲಿಯ ಮೇಲೆ ಕೂರುತ್ತಾನೆ.

ಅವನಿಗೂ ದುಡಿಮೆ ಬೇಕು ಎಂಬುದು ಕಾನೂನಿಗೆ ಹೊಳೆದದ್ದು ತಡವಾಗಿ. 1995ರ ಅಂಗವಿಕಲರ ಕಾಯ್ದೆ ಹೆಸರಿಸಿದ ಏಳು ಬಗೆಗಳಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅದನ್ನು ಹೆಸರಿಸಿತಾದರೂ ಅದರ ಮುಖ್ಯ ಚಿಂತೆ ಪಾಲನೆ, ಪೋಷಕತ್ವ. ಸರ್ಕಾರಿ ನೌಕರಿಯಲ್ಲಿ ಪಾಲು ದೊರೆತದ್ದು 2016ರ ಕಾಯ್ದೆಯಲ್ಲಿ: ಅಂಗವಿಕಲರಿಗೆ ಮೀಸಲಾದ ಶೇ 4ರಲ್ಲಿ ಶೇ 1, ಅದೂ ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ಬಹುವಿಧ ವೈಕಲ್ಯ ಇರುವವರೊಂದಿಗೆ ಹಂಚಿಕೊಂಡು.

ಕಾನೂನಿಗೆ ಕಾಯದವರೂ ಇದ್ದರು. ಎನ್.ಎಸ್. ಹೇಮಾ 1959ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಎಪಿಡಿ ಸಂಸ್ಥೆ 1988ರಲ್ಲಿ ಅಂಗವಿಕಲರಿಗೆ ತೋಟಗಾರಿಕೆ ಕಲಿಸತೊಡಗಿತು. ಸಾಫ್ಟ್‌ವೇರ್ ಕಂಪನಿ ಸ್ಯಾಪ್, ಆಟಿಸಂ ಇರುವ ಕೆಲವರನ್ನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಪರೀಕ್ಷಕರನ್ನಾಗಿ ತೆಗೆದುಕೊಂಡು ನೋಡಿತು. 2013ರ ಮೇ ತಿಂಗಳಲ್ಲಿ ಅದನ್ನು ಜಗತ್ತಿನಾದ್ಯಂತ ವಿಸ್ತರಿಸುವುದಾಗಿ ಸಾರಿತು. ಕಂಪನಿಗೆ ನೆರವಾದ ಡೆನ್ಮಾರ್ಕಿನ ಸ್ಪೆಷಲಿಸ್ಟರ್ನ್ ಸಂಸ್ಥೆಯ ಸಂದರ್ಶನವೇ ಬೇರೆ. ಕಣ್ಣಲ್ಲಿ ಕಣ್ಣಿಟ್ಟು ಉತ್ತರಿಸಬೇಕಿಲ್ಲ. ಲೆಗೊ ತುಂಡುಗಳಿಂದ ರೋಬೋ ಜೋಡಿಸಬೇಕು. ಮಾತಿನಲ್ಲಿ ಸೋಲುವವರು ಕೈಯಲ್ಲಿ ಗೆಲ್ಲಲು ಅಲ್ಲಿ ಅವಕಾಶವಿತ್ತು. 2017ರಲ್ಲಿ ಹುಬ್ಬಳ್ಳಿಯ ಕಾಲೇಜು ಆವರಣದಲ್ಲಿ ಅಲಿನಾ ಆಲಂ ಶುರುಮಾಡಿದ ಮಿಟ್ಟಿ ಕೆಫೆ, ವಿವಿಧ ವೈಕಲ್ಯಗಳಿರುವವರೇ ನಡೆಸುವ ಹೋಟೆಲಾಗಿ ಬೆಳೆದು, 2023ರಲ್ಲಿ ಸುಪ್ರೀಂ ಕೋರ್ಟ್ ಆವರಣವನ್ನೂ ತಲುಪಿತು.

ಹಾಸನಕ್ಕೆ ಸಾಫ್ಟ್‌ವೇರ್ ಕಂಪನಿಗಳು ಬರಲಿ ಎಂದು ಕಾಯಬೇಕಿಲ್ಲ. ಹಾಸನದ ಮಾರುಕಟ್ಟೆಯಲ್ಲಿ ಬಿತ್ತನೆ ಆಲೂಗಡ್ಡೆ ಆರಿಸುವುದು, ಚನ್ನರಾಯಪಟ್ಟಣದ ಮಂಡಿಯಲ್ಲಿ ಕೊಬ್ಬರಿಯನ್ನು ಗಾತ್ರ ನೋಡಿ ಬೇರ್ಪಡಿಸುವುದು, ಹೊಳೆನರಸೀಪುರ, ಅರಕಲಗೂಡಿನ ಕಡೆ ನರ್ಸರಿ ಟ್ರೇಯ ಒಂದೊಂದು ಗುಳಿಗೂ ಒಂದೊಂದು ಬೀಜ ಹಾಕುವುದು – ಇವು ಒಂದೇ ಕ್ರಮದಲ್ಲಿ ಸಾಗುವ, ಸೂಕ್ಷ್ಮ ಕಣ್ಣು ಬೇಡುವ ಕೆಲಸಗಳು. ಆಟಿಸಂ ಇರುವ ಹಲವರಿಗೆ ಇಂಥ ಕ್ರಮವೇ ನೆಮ್ಮದಿ. ಎಲ್ಲರಿಗೂ ಅಲ್ಲ. ಒಬ್ಬನಿಗೆ ಮಂಡಿಯ ಗದ್ದಲವೇ ಹಿಂಸೆಯಾಗಬಹುದು, ಇನ್ನೊಬ್ಬಳಿಗೆ ಒದ್ದೆ ಮಣ್ಣು ಮುಟ್ಟಲಾಗದೆ ಇರಬಹುದು. ಅದನ್ನು ಗಮನಿಸಿ, ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು, ಚಿತ್ರ ಹಾಕಿ ತೋರಿಸಿ, ಮೊದಲ ಕೆಲವು ತಿಂಗಳು ಜೊತೆಗೆ ನಿಲ್ಲುವವರು ಬೇಕು. ನಗರಗಳಲ್ಲಿ ಇವರನ್ನು ಜಾಬ್ ಕೋಚ್ ಎನ್ನುತ್ತಾರೆ.

ನಮ್ಮಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಕಾರ್ಯಕರ್ತರು ಇದ್ದಾರೆ. ಯಾವ ಮನೆಯಲ್ಲಿ ಯಾರಿದ್ದಾರೆಂದು ಬಲ್ಲವರು, ಹಲವರು ಸ್ವತಃ ಅಂಗವಿಕಲರು. ಮಾಸಾಶನ, ಗುರುತಿನ ಚೀಟಿಯ ಓಡಾಟದಾಚೆಗೆ ಜಾಬ್ ಕೋಚ್ ಕೆಲಸವನ್ನೂ ಅವರಿಗೆ ಕಲಿಸಿ, ತಕ್ಕ ಗೌರವಧನ ಕೊಡುವುದು ಜಿಲ್ಲಾಡಳಿತದ ಕೈಮೀರಿದ್ದಲ್ಲ. ಇನ್ನು ಮಂಡಿಯಲ್ಲೋ ನರ್ಸರಿಯಲ್ಲೋ ದುಡಿದ ಆಟಿಸಂ ಇರುವವರಿಗೆ ಪ್ರೋತ್ಸಾಹಧನದ ಹೆಸರಲ್ಲಿ ಚಿಲ್ಲರೆ ಕಾಸು ಬೇಡ. ಅದೇ ಕೆಲಸಕ್ಕೆ ಪಕ್ಕದವರಿಗೆ ಸಿಗುವ ಕೂಲಿಯೇ ಸಿಗಬೇಕು, ಅವರ ಹೆಸರಿನ ಖಾತೆಗೇ ಬೀಳಬೇಕು.