ಹೆಡ್‌ಲೈಟ್: ದಾರಿ ತೋರಿಸಲಿ, ಕಣ್ಣು ಕುಕ್ಕದಿರಲಿ

ಮನೆಗೆ ಜೀಪೋ, ಬೊಲೆರೋವೋ, ಥಾರೋ ಬಂದರೆ ಅದರ ಬಣ್ಣ, ಸೀಟ್ ಕವರ್‌ಗಳ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ಹೆಡ್‌ಲೈಟಿನ ಬಲ್ಬು ಮಾತ್ರ ಗಂಡಸರ ವಿಷಯವೆಂದು ನಾವು ಸುಮ್ಮನಾಗುತ್ತೇವೆ. ಆದರೆ ಮಂಡ್ಯದಲ್ಲಿ ಮದುವೆ ಮುಗಿಸಿಕೊಂಡು ರಾತ್ರಿ ಮಳವಳ್ಳಿಗೆ ಹಿಂದಿರುಗುವಾಗ, ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡು ಹಿಂದಿನ ಸೀಟಿನಲ್ಲಿ ಕೂರುವವರು ನಾವೇ. ಈಗ ತಾವೇ ಸ್ಟಿಯರಿಂಗ್ ಹಿಡಿಯುವ ಸಹೋದರಿಯರೂ ಕಡಿಮೆಯೇನಿಲ್ಲ. ಆದ್ದರಿಂದ ಇದು ಇಡೀ ಮನೆಯ ವಿಷಯ.

ನಮ್ಮ ರಸ್ತೆಗಳ ಕತ್ತಲು

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಉತ್ಪಾದನೆ ಆರಂಭವಾಯಿತು. ಬೆಂಗಳೂರಿನ ಬೀದಿಗಳಿಗೆ 1905ರಲ್ಲಿ ದೀಪ ಬಂದದ್ದು ಅಲ್ಲಿಂದಲೇ. ಆದರೂ ನಮ್ಮ ಹಳ್ಳಿ ರಸ್ತೆಗಳಲ್ಲಿ ಊರು ಮುಗಿದೊಡನೆ ಬೆಳಕೂ ಮುಗಿಯುತ್ತದೆ. ಕಬ್ಬು ಕಡಿಯುವ ಕಾಲದಲ್ಲಿ ಮಂಡ್ಯದ ಮೈಶುಗರ್, ಮದ್ದೂರು ತಾಲ್ಲೂಕಿನ ಕೊಪ್ಪ ಹಾಗೂ ಕೆ.ಎಂ. ದೊಡ್ಡಿಯ ಕಾರ್ಖಾನೆಗಳತ್ತ ಎತ್ತಿನ ಗಾಡಿಗಳು, ಟ್ರ್ಯಾಕ್ಟರ್‌ಗಳು ರಾತ್ರಿಯೂ ಸಾಗುತ್ತವೆ. ಹಲವಕ್ಕೆ ಹಿಂದೆ ಕೆಂಪು ದೀಪವೇ ಇರುವುದಿಲ್ಲ. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಟ್ರ್ಯಾಕ್ಟರ್, ಆಟೋ, ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲವಾದ್ದರಿಂದ ಅವೆಲ್ಲ ಸರ್ವಿಸ್ ರಸ್ತೆಗೆ ಬಂದಿವೆ.

ಕಾಲುವೆ ಏರಿಯ ರಸ್ತೆಗಳದ್ದು ಇನ್ನೊಂದು ಭಯ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿ.ಸಿ. ನಾಲೆಗೆ ಬಿದ್ದು 30 ಜನ ಸತ್ತರು. ಅದು ಹಗಲಿನಲ್ಲೇ ಆದ ದುರಂತ. ರಸ್ತೆಯ ಅಂಚೇ ಕಾಣದ ರಾತ್ರಿಯಲ್ಲಿ ಇಂತಹ ದಾರಿ ಎಷ್ಟು ಅಪಾಯಕಾರಿ ಎಂದು ನೀವೇ ಊಹಿಸಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. ಕಬ್ಬಿನ ಗಾಡಿ ಎರಡು ಸೆಕೆಂಡು ತಡವಾಗಿ ಕಂಡರೆ ಬ್ರೇಕ್ ಹಾಕಲು ಜಾಗವೇ ಉಳಿಯುವುದಿಲ್ಲ.

ಯಾವ ಬಲ್ಬು?

ಹಲವು ಜೀಪುಗಳಲ್ಲಿ ಇರುವುದು ಎಚ್4 ಎಂಬ ಹ್ಯಾಲೊಜನ್ ಬಲ್ಬು. ಇದರೊಳಗೆ ಎರಡು ತಂತಿಗಳಿವೆ. ಬ್ರೈಟ್‌ಗೆ 60 ವ್ಯಾಟ್, ಡಿಮ್‌ಗೆ 55 ವ್ಯಾಟ್. ಡಿಮ್ ತಂತಿಯ ಕೆಳಗಿರುವ ಪುಟ್ಟ ತಗಡು ಬೆಳಕು ಮೇಲಕ್ಕೆ ಹೋಗದಂತೆ ತಡೆಯುತ್ತದೆ. ನಿಮ್ಮ ವಾಹನದ್ದು ಯಾವುದೆಂದು ಅದರ ಜೊತೆ ಬಂದ ಪುಸ್ತಕದಲ್ಲಿ ನೋಡಿ, ಅದನ್ನೇ ತರಿಸಿ.

"100/90 ವ್ಯಾಟ್ ಹಾಕಿಸಿ, ಹಗಲಿನಂತೆ ಕಾಣುತ್ತದೆ" ಎನ್ನುವವರಿದ್ದಾರೆ. 60 ವ್ಯಾಟಿನ ಎರಡು ಬಲ್ಬುಗಳು 10 ಆಂಪಿಯರ್ ಎಳೆದರೆ, 100 ವ್ಯಾಟಿನವು ಸುಮಾರು 17 ಆಂಪಿಯರ್ ಎಳೆಯುತ್ತವೆ. ಹಳೆಯ ತೆಳು ವಯರ್ ಬಿಸಿಯಾಗಿ ಹೋಲ್ಡರ್ ಕರಗಬಹುದು, ಬೆಂಕಿಯೂ ಹತ್ತಬಹುದು. ನೀಲಿ ಬಣ್ಣ ಬಳಿದ ಬಲ್ಬುಗಳು ನೋಡಲು ಚೆಂದ, ಆದರೆ ಆ ಬಣ್ಣವೇ ಸ್ವಲ್ಪ ಬೆಳಕನ್ನು ನುಂಗುತ್ತದೆ.

ಹ್ಯಾಲೊಜನ್‌ಗೆಂದು ಮಾಡಿದ ಡೂಮ್‌ನಲ್ಲಿ ಅಗ್ಗದ ಎಲ್‌ಇಡಿ ತುರುಕಿದರೆ ಬೆಳಕು ಚದುರಿ ಎದುರಿನವರ ಕಣ್ಣಿಗೆ ಬಡಿಯುತ್ತದೆ. ಇಂತಹ ಕಣ್ಣು ಕುಕ್ಕುವ ದೀಪಗಳ ವಿರುದ್ಧ 2024ರ ಜುಲೈಯಿಂದ ಕರ್ನಾಟಕ ಪೊಲೀಸರು ಪ್ರಕರಣ ದಾಖಲಿಸತೊಡಗಿದರು.

ಗಲ್ಫ್‌ನಿಂದ ಅಣ್ಣನೋ ಮೈದುನನೋ ಹೆಡ್‌ಲೈಟ್ ಸೆಟ್ ತಂದರೆ ಒಂದು ಎಚ್ಚರಿಕೆ. ಅಲ್ಲಿ ವಾಹನಗಳು ಬಲಬದಿಯಲ್ಲಿ ಓಡುತ್ತವೆ. ಅಲ್ಲಿಗೆಂದು ಮಾಡಿದ ಸೆಟ್‌ನ ಡಿಮ್ ಬೆಳಕು ಬಲಕ್ಕೆ ಏರುತ್ತದೆ. ನಮ್ಮಲ್ಲಿ ಅದು ನೇರವಾಗಿ ಎದುರಿನ ಚಾಲಕನ ಕಣ್ಣಿಗೆ ಬೀಳುತ್ತದೆ. ಪ್ರೀತಿಯ ಉಡುಗೊರೆಯಾದರೂ ಹಾಕಿಸಬೇಡಿ.

ಮನೆಯಲ್ಲೇ ಮಾಡಬಹುದಾದ ಆರೈಕೆ

* ಹ್ಯಾಲೊಜನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಎಣ್ಣೆಯಂಶ ಅಂಟಿದ ಜಾಗ ಅತಿಯಾಗಿ ಕಾದು ಗಾಜು ಬೇಗ ಹಾಳಾಗುತ್ತದೆ. ಸ್ವಚ್ಛ ಬಟ್ಟೆಯಲ್ಲಿ ಹಿಡಿಯಿರಿ. ಮುಟ್ಟಿದ್ದರೆ ತಣ್ಣಗಿರುವಾಗ ಸ್ಪಿರಿಟ್‌ನಿಂದ ಒರೆಸಿ.

* ಒಂದು ಬಲ್ಬು ಹೋದರೆ ಎರಡನ್ನೂ ಬದಲಿಸಿ. ಜೊತೆಗೆ ಹಾಕಿದ್ದ ಇನ್ನೊಂದರ ಆಯಸ್ಸೂ ಮುಗಿಯುತ್ತಾ ಬಂದಿರುತ್ತದೆ.

* ಬಲ್ಬು ಪದೇ ಪದೇ ಸುಟ್ಟರೆ ಬಲ್ಬನ್ನು ಬೈಯಬೇಡಿ, ಚಾರ್ಜಿಂಗ್ ವೋಲ್ಟೇಜ್ ಪರೀಕ್ಷಿಸಲು ಎಲೆಕ್ಟ್ರಿಷಿಯನ್‌ಗೆ ಹೇಳಿ. ವೋಲ್ಟೇಜ್ ಶೇ. 5ರಷ್ಟು ಹೆಚ್ಚಾದರೂ ಬಲ್ಬಿನ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ.

* ಬೆಳಕು ಹಳದಿಯಾಗಿ ಮಂಕಾದರೆ ಅರ್ಥ್ ವಯರಿನ ತುಕ್ಕು, ಸಡಿಲವಾದ ಹೋಲ್ಡರ್ ನೋಡಿಸಿ.

* ಕೆಸರು ಗದ್ದೆ ದಾರಿಯಲ್ಲಿ ಹೋಗಿಬಂದ ಮೇಲೆ ಗಾಜನ್ನು ಮೊದಲು ನೀರು ಹಾಕಿ ತೊಳೆಯಿರಿ. ಒಣ ಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುತ್ತದೆ. ಒಳಗೆ ನೀರು ನಿಂತಿದ್ದರೆ ರಬ್ಬರ್ ಕವರ್ ಬದಲಿಸಿ.

ದೀಪದ ದಿಕ್ಕು

ಜೀಪು ಎತ್ತರದ ವಾಹನ, ಅದರ ದೀಪವೂ ಎತ್ತರ. ಹಿಂದೆ ಏಳೆಂಟು ಜನ, ಅಕ್ಕಿ ಮೂಟೆ ಸೇರಿದರೆ ಮೂತಿ ಮೇಲೆದ್ದು ಡಿಮ್ ಬೆಳಕೂ ಬ್ರೈಟ್‌ನಂತೆ ಕುಕ್ಕುತ್ತದೆ. ಚಾಲಕನ ಬಳಿ ದೀಪ ತಗ್ಗಿಸುವ ಗುಂಡಿಯಿದ್ದರೆ ಹೊರಡುವ ಮುನ್ನ ತಿರುಗಿಸಿ. ಮಟ್ಟಸ ನೆಲದಲ್ಲಿ, ಗೋಡೆಗೆ 25 ಅಡಿ ದೂರದಲ್ಲಿ ವಾಹನ ನಿಲ್ಲಿಸಿ ಡಿಮ್ ಹಾಕಿ. ಬೆಳಕಿನ ಮೇಲಂಚು ದೀಪದ ಎತ್ತರಕ್ಕಿಂತ ತುಸು ಕೆಳಗಿರಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರವೂ 8 ಮೀಟರ್ ಮುಂದೆ, ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ದೀಪ ಕುಕ್ಕಬಾರದು.

ಎದುರಿಗೆ ಸೈಕಲ್ಲಿನಲ್ಲಿ ಬರುವ ಹಾಲಿನವನು, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬೈಕಿನಲ್ಲಿ ಬರುವವನು ನಿಮ್ಮ ದೀಪಕ್ಕೆ ಕುರುಡಾದರೆ ಅವರು ಬೀಳುವುದು ಹಳ್ಳಕ್ಕೆ, ಇಲ್ಲವೇ ನಿಮ್ಮ ಮೇಲೆಯೇ. ವಯಸ್ಸಾದವರ ಕಣ್ಣು ಚೇತರಿಸಿಕೊಳ್ಳಲು ಇನ್ನೂ ಹೆಚ್ಚು ಹೊತ್ತು ಬೇಕು. ಹಾಗಾಗಿ ಎದುರು ವಾಹನ ಕಂಡೊಡನೆ "ಡಿಮ್ ಮಾಡಿ" ಎಂದು ಹಿಂದಿನ ಸೀಟಿನಿಂದಲೇ ನೆನಪಿಸಿ. ನೀವೇ ಓಡಿಸುತ್ತಿದ್ದರೆ, ಎದುರಿನವನು ಡಿಮ್ ಮಾಡದಿದ್ದರೂ ನೀವು ಮಾಡಿ, ವೇಗ ತಗ್ಗಿಸಿ, ನೋಟವನ್ನು ರಸ್ತೆಯ ಎಡ ಅಂಚಿನ ಮೇಲಿಡಿ. ಈ ವಾರವೇ ಒಂದು ಸಂಜೆ ಮಕ್ಕಳನ್ನು ಜೀಪಿನ ಮುಂದೆ ನಿಲ್ಲಿಸಿ, ಬ್ರೈಟ್, ಡಿಮ್ ಎರಡೂ ಉರಿಯುತ್ತಿವೆಯೇ ಎಂದು ಕೇಳಿ. ಎರಡು ನಿಮಿಷದ ಕೆಲಸ.