‘ಬಾಸ್’ ನಮ್ಮೂರಿನ ಪದ!

ಬೇಸಿಗೆ ರಜೆಗೆ ಬೆಂಗಳೂರಿಗೆ ಹೋದಾಗ ‘ಏನ್ ಬಾಸ್, ಊಟ ಆಯ್ತಾ?’ ಎನ್ನುವುದನ್ನು ನೀವು ಕೇಳಿರುತ್ತೀರಿ. ಅಲ್ಲಿ ಗೆಳೆಯನೂ ಬಾಸ್, ಆಟೋ ಓಡಿಸುವವರೂ ಬಾಸ್. ಇಲ್ಲಿ ಅಪ್ಪ ಅಮ್ಮನ ಆಫೀಸಿನಲ್ಲಿ ಬಾಸ್ ಎಂದರೆ ಮೇಲಧಿಕಾರಿ. ಈ ಪದಕ್ಕೂ ನಮ್ಮ ನ್ಯೂಯಾರ್ಕ್, ನ್ಯೂಜೆರ್ಸಿಗೂ ಹಳೆಯ ನಂಟಿದೆ, ಗೊತ್ತೇ?

1664ರಲ್ಲಿ ಇಂಗ್ಲಿಷರು ವಶಪಡಿಸಿಕೊಳ್ಳುವ ತನಕ ನ್ಯೂಯಾರ್ಕ್ ನಗರ ಡಚ್ಚರ ನ್ಯೂ ಆಮ್‌ಸ್ಟರ್‌ಡ್ಯಾಮ್ ಆಗಿತ್ತು. ಆಳ್ವಿಕೆ ಹೋದರೂ ಡಚ್ ಮಾತು ಇಲ್ಲಿನ ಮನೆಗಳಲ್ಲಿ ಬಹುಕಾಲ ಉಳಿಯಿತು. ನಾವು ತಿನ್ನುವ ‘ಕುಕೀ’ ಡಚ್ಚಿನಿಂದ ಬಂದ ಪದ. ‘ಬಾಸ್’ ಕೂಡ ಹಾಗೆಯೇ. ಡಚ್ಚಿನಲ್ಲಿ ಅದರ ಅರ್ಥ ಯಜಮಾನ.

ಇಂಗ್ಲಿಷಿನಲ್ಲಿ ‘ಮಾಸ್ಟರ್’ ಇತ್ತಲ್ಲ, ಡಚ್ ಪದ ಯಾಕೆ ಬೇಕಾಯಿತು? ಆಗ ಇಲ್ಲಿ ಗುಲಾಮಗಿರಿ ಇತ್ತು. ನ್ಯೂಯಾರ್ಕ್ ರಾಜ್ಯದಲ್ಲಿ ಅದು ಕೊನೆಗೊಂಡದ್ದು 1827ರಲ್ಲಿ. ಗುಲಾಮರು ಒಡೆಯನನ್ನು ‘ಮಾಸ್ಟರ್’ ಎನ್ನಬೇಕಿತ್ತು. ಕೂಲಿಗೆ ದುಡಿಯುವ ಬಿಳಿಯರಿಗೆ ಆ ಪದ ಬೇಡವಾಯಿತು. ಅವರು ‘ಬಾಸ್’ ಎಂದರು.

ನ್ಯೂಜೆರ್ಸಿಯ ಬರ್ಲಿಂಗ್ಟನ್‌ನಲ್ಲಿ ಹುಟ್ಟಿದ ಲೇಖಕ ಜೇಮ್ಸ್ ಫೆನಿಮೋರ್ ಕೂಪರ್ 1838ರಲ್ಲಿ ಇದನ್ನು ಟೀಕಿಸಿದರು. ಎರಡೂ ಪದಗಳ ಅರ್ಥ ಒಂದೇ ಎಂಬುದು ಅವರ ವಾದ. ಅದು ಸರಿಯೇ. ಆದರೆ ನನ್ನನ್ನು ಕಾಡುವ ವಿಷಯ ಇನ್ನೊಂದು: ಪದ ಬದಲಿಸುವ ಸ್ವಾತಂತ್ರ್ಯ ಕೂಲಿಕಾರರಿಗಿತ್ತು, ಗುಲಾಮರಿಗೆ ಇರಲಿಲ್ಲ.

ಕನ್ನಡದಲ್ಲೂ ಧಣಿ, ಒಡೆಯ, ಯಜಮಾನ್ರು, ಸಾಹೇಬ್ರು ಎಂಬ ಪದಗಳಿವೆ. ಊರಿಗೆ ಫೋನ್ ಮಾಡಿದಾಗ ಅಜ್ಜ ಅಜ್ಜಿಯನ್ನು ಕೇಳಿ: ಅವರ ಕಾಲದಲ್ಲಿ ಯಾರು ಯಾರನ್ನು ಹೀಗೆ ಕರೆಯಬೇಕಿತ್ತು? ಕರೆಯದಿದ್ದರೆ ಏನಾಗುತ್ತಿತ್ತು? ಅವರು ಹೇಳಿದ್ದನ್ನು ಬರೆದುಕೊಂಡು ಕನ್ನಡ ತರಗತಿಗೆ ತನ್ನಿ.