ಮೊದಲೇ ಕಪ್ಪು, ಮತ್ಯಾಕ ಬಣ್ಣ?

ರಾಯಚೂರಿನಲ್ಲಿ ಕಪ್ಪಾಗಲು ಯಾರಾದರೂ ದುಡ್ಡು ಖರ್ಚು ಮಾಡುತ್ತಾರೆಯೇ? ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರು ನಮ್ಮದು. ಮಧ್ಯಾಹ್ನ ತೀನ್ ಕಂದೀಲ್ ಸುತ್ತ ಒಂದು ಸುತ್ತು ಹಾಕಿ ಬಂದರೆ ಸಾಕು, ಸೂರ್ಯ ಬಿಟ್ಟಿಯಾಗಿ ಬಣ್ಣ ಹಚ್ಚಿ ಕಳುಹಿಸುತ್ತಾನೆ. ಆದರೂ ನಮ್ಮ ಜಿಮ್‌ಗಳಲ್ಲಿ ದೇಹದಾರ್ಢ್ಯ ಸ್ಪರ್ಧೆಗೆ ತಯಾರಾಗುವ ಹುಡುಗರು, ಸ್ಪರ್ಧೆಯ ಹಿಂದಿನ ರಾತ್ರಿ ಮೈತುಂಬ ಕಡುಕಂದು ಬಣ್ಣ ಹಚ್ಚಿಕೊಂಡು ಕೈಕಾಲು ಅಗಲಿಸಿ ಫ್ಯಾನಿನ ಕೆಳಗೆ ನಿಂತಿರುತ್ತಾರೆ. ಜಿಮ್ ಭಾಷೆಯಲ್ಲಿ ಇದಕ್ಕೆ ಟ್ಯಾನ್ ಎನ್ನುತ್ತಾರೆ.

ನಾನು ವೇದಿಕೆ ಏರುವವನಲ್ಲ. ಬಿ.ಇ. ಓದುತ್ತಾ ಸಂಜೆ ಹೊತ್ತು ಜಿಮ್‌ಗೆ ಹೋಗುವವನು. ಆದರೆ ಟ್ಯಾನ್ ಹಚ್ಚುವುದರಲ್ಲಿ ನನಗೆ ಒಳ್ಳೆಯ ಅನುಭವವಿದೆ. ಕಾರಣ ಸರಳ. ಎಂಥ ಪೈಲ್ವಾನನಾದರೂ ತನ್ನ ಬೆನ್ನಿಗೆ ತಾನೇ ಬಣ್ಣ ಹಚ್ಚಿಕೊಳ್ಳಲಾರ. ತೋಳು ದಪ್ಪವಾದಷ್ಟೂ ಕೈ ಹಿಂದಕ್ಕೆ ಹೋಗುವುದು ಇನ್ನೂ ಕಷ್ಟ. ಹೀಗಾಗಿ ಇಬ್ಬರು ಗೆಳೆಯರ ಬೆನ್ನು ನನ್ನ ಪಾಲಿಗೆ ಬಂದಿದೆ. ಒಬ್ಬ ದೇವದುರ್ಗದವನು, ಇನ್ನೊಬ್ಬ ಮಾನ್ವಿಯವನು. ಇಬ್ಬರ ಮನೆಯಲ್ಲೂ ನಮಗೆ ಎದುರಾದ ಮೊದಲ ಪ್ರಶ್ನೆ ಒಂದೇ: "ಮೊದಲೇ ಕರ್ರಗ ಅದೀ, ಮತ್ಯಾಕೋ ಬಣ್ಣ?"

ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಇರುವುದು ಬೆಳಕಿನಲ್ಲಿ. ವೇದಿಕೆಯ ಮೇಲೆ ಪ್ರಖರವಾದ ದೀಪಗಳಿರುತ್ತವೆ. ತಿಳಿ ಬಣ್ಣದ ಚರ್ಮದ ಮೇಲೆ ಬಿದ್ದ ಬೆಳಕು ಎಲ್ಲ ಕಡೆ ಚದುರಿ, ಸ್ನಾಯುಗಳ ನಡುವಿನ ಸಣ್ಣ ಸಣ್ಣ ನೆರಳುಗಳನ್ನು ಅಳಿಸಿಬಿಡುತ್ತದೆ. ತಿಂಗಳುಗಟ್ಟಲೆ ಬೆವರು ಸುರಿಸಿ ತೋಳಿನಲ್ಲಿ ತೆಗೆದ ಗೆರೆ ತೀರ್ಪುಗಾರರ ಕಣ್ಣಿಗೆ ಬೀಳುವುದೇ ಇಲ್ಲ. ಚರ್ಮ ಕಡು ಬಣ್ಣದ್ದಾಗಿದ್ದರೆ ಉಬ್ಬಿದ ಭಾಗ ಹೊಳೆಯುತ್ತದೆ, ತಗ್ಗು ನೆರಳಾಗಿ ಉಳಿಯುತ್ತದೆ.

ಹಾಗಾದರೆ ಹುಟ್ಟಾ ಕಪ್ಪಗಿರುವವರಿಗೆ ಟ್ಯಾನ್ ಯಾಕೆ? ನಮ್ಮ ಕಪ್ಪು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ದೇವದುರ್ಗದ ಗೆಳೆಯ ರಜೆಯಲ್ಲಿ ಹತ್ತಿ ಹೊಲದಲ್ಲಿ ದುಡಿಯುವವನು. ಅವನ ಮುಖ, ಕುತ್ತಿಗೆ, ಮುಂಗೈ ಕಪ್ಪು. ಬನಿಯನ್ನಿನ ಕೆಳಗಿನ ಎದೆ ಗೋದಿ ಬಣ್ಣ. ಪ್ಯಾಂಟಿನೊಳಗಿನ ತೊಡೆ ಅದಕ್ಕಿಂತ ತಿಳಿ. ಚಡ್ಡಿಯಲ್ಲಿ ನಿಂತರೆ ಮೂರು ಜನರ ಅಂಗಾಂಗ ಜೋಡಿಸಿದ ಹಾಗೆ ಕಾಣುತ್ತಾನೆ. ದೀಪದ ಕೆಳಗೆ ಅವನ ತೊಡೆಯ ಸ್ನಾಯುಗಳ ಗೆರೆಗಳೆಲ್ಲ ಮಾಯ. ಮೈಯನ್ನು ಒಂದೇ ಬಣ್ಣಕ್ಕೆ ತರುವುದು ಟ್ಯಾನಿನ ನಿಜವಾದ ಕೆಲಸ.

ಕಾಲಕ್ಕೆ ತಕ್ಕಂತೆ ಈ ಬಣ್ಣವೂ ಬದಲಾಗಿದೆ ಎಂದರೆ ಆಶ್ಚರ್ಯವಾಗಬಹುದು. ಆಧುನಿಕ ದೇಹದಾರ್ಢ್ಯದ ಪಿತಾಮಹ ಎನಿಸಿದ ಯೂಜೀನ್ ಸ್ಯಾಂಡೋ 1901ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ದೊಡ್ಡ ಸ್ಪರ್ಧೆ ನಡೆಸಿದ. ಷರ್ಲಾಕ್ ಹೋಮ್ಸ್ ಕಥೆಗಳನ್ನು ಬರೆದ ಆರ್ಥರ್ ಕಾನನ್ ಡಾಯ್ಲ್ ಅಲ್ಲಿ ತೀರ್ಪುಗಾರರಲ್ಲಿ ಒಬ್ಬರು. ಈ ಸ್ಯಾಂಡೋ ಪ್ರದರ್ಶನ ಕೊಡುವಾಗ ಮೈಗೆ ಬಿಳಿ ಪುಡಿ ಬಳಿದುಕೊಳ್ಳುತ್ತಿದ್ದ. ಗ್ರೀಕರ ಅಮೃತಶಿಲೆಯ ಮೂರ್ತಿಯಂತೆ ಕಾಣಬೇಕೆಂಬುದು ಅವನ ಆಸೆ. ನಮ್ಮಲ್ಲಿ ಬೆಂಗಳೂರಿನ ಕೆ.ವಿ. ಅಯ್ಯರ್ ವ್ಯಾಯಾಮಶಾಲೆ ಕಟ್ಟಿ, ಗ್ರೀಕ್ ಮೂರ್ತಿಗಳ ಭಂಗಿಯಲ್ಲಿ ಫೋಟೊ ತೆಗೆಸಿಕೊಂಡು ಹೆಸರಾದವರು. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಬರೆದ ಅಯ್ಯರ್ ಇವರೇ. ಅವರ ಕಪ್ಪು-ಬಿಳುಪು ಚಿತ್ರಗಳಲ್ಲೂ ಬೆಳಕು-ನೆರಳಿನದೇ ಆಟ. ಅಂದು ಬಿಳಿ ಪುಡಿ, ಇಂದು ಕಂದು ದ್ರಾವಣ. ಎರಡೂ ನೋಡುವವರ ಕಣ್ಣಿಗಾಗಿ ಹಚ್ಚಿದ್ದೇ.

ರೊಟ್ಟಿ ಕೆಂಪಾಗುವ ಲೆಕ್ಕ

ಟ್ಯಾನ್ ಬಾಟಲಿಯ ಮೇಲಿನ ಅಕ್ಷರ ಓದಿದರೆ 'ಡಿಎಚ್‌ಎ' ಎಂದಿರುತ್ತದೆ. ಅಂದರೆ ಡೈಹೈಡ್ರಾಕ್ಸಿಅಸಿಟೋನ್. ಹೆಸರು ಕೇಳಿ ಹೆದರಬೇಕಿಲ್ಲ, ಇದು ಮೂರು ಇಂಗಾಲದ ಒಂದು ಸಣ್ಣ ಸಕ್ಕರೆ. ಚರ್ಮದ ತೀರಾ ಮೇಲಿನ, ಸತ್ತ ಜೀವಕೋಶಗಳ ಪದರದಲ್ಲಿರುವ ಅಮೈನೊ ಆಮ್ಲಗಳ ಜೊತೆ ಸೇರಿ ಇದು ಕಂದು ಬಣ್ಣವಾಗುತ್ತದೆ. ಹಂಚಿನ ಮೇಲೆ ಜೋಳದ ರೊಟ್ಟಿ ಕೆಂಪಾಗುವುದು, ಹಾಲು ಬತ್ತಿಸಿದಾಗ ಖೋವಾ ಕಂದಾಗುವುದು ಇದೇ ಜಾತಿಯ ಕ್ರಿಯೆ. ರಸಾಯನಶಾಸ್ತ್ರದಲ್ಲಿ ಇದಕ್ಕೆ ಮೇಲಾರ್ಡ್ ಕ್ರಿಯೆ ಎಂದು ಹೆಸರು.

1950ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಇವಾ ವಿಟ್ಗೆನ್‌ಸ್ಟೈನ್ ಎಂಬ ಸಂಶೋಧಕಿ, ಮಕ್ಕಳ ಒಂದು ಕಾಯಿಲೆಯ ಅಧ್ಯಯನಕ್ಕಾಗಿ ಈ ಸಕ್ಕರೆಯನ್ನು ಕುಡಿಸಿ ನೋಡುತ್ತಿದ್ದರು. ಮಕ್ಕಳ ಮೈಮೇಲೆ ಚೆಲ್ಲಿದ ಕಡೆ ಕಂದು ಕಲೆ ಬಿತ್ತು, ಬಟ್ಟೆಗೆ ಹತ್ತಲಿಲ್ಲ. ಆ ಕಲೆಯ ಬೆನ್ನು ಹತ್ತಿ ಹೋದದ್ದರಿಂದ ಇಂದಿನ ಟ್ಯಾನ್ ಲೋಷನ್‌ಗಳು ಹುಟ್ಟಿದವು. ಹಚ್ಚಿದ ಕೆಲವು ಗಂಟೆಗಳಲ್ಲಿ ಬಣ್ಣ ಏರತೊಡಗುತ್ತದೆ, ಮರುದಿನದವರೆಗೂ ಗಾಢವಾಗುತ್ತಾ ಹೋಗುತ್ತದೆ. ಸತ್ತ ಪದರ ಉದುರಿದಂತೆ ಸುಮಾರು ಒಂದು ವಾರದಲ್ಲಿ ಇಳಿಯುತ್ತದೆ. ಸ್ಪರ್ಧೆಗೆಂದೇ ಮಾಡಿದ ಬಾಟಲಿಗಳಲ್ಲಿ ಇದರ ಜೊತೆಗೆ ತಕ್ಷಣ ಕಾಣುವ ಬಣ್ಣವೂ ಬೆರೆತಿರುತ್ತದೆ.

ಮನೆಯಲ್ಲೇ ಹಚ್ಚುವುದು ಹೇಗೆ?

ದೊಡ್ಡ ಸ್ಪರ್ಧೆಗಳಲ್ಲಿ ಹಣ ಕೊಟ್ಟರೆ ಯಂತ್ರದಿಂದ ಸಿಂಪಡಿಸುವವರು ಸಿಗುತ್ತಾರೆ. ನಮ್ಮ ಹುಡುಗರಿಗೆ ಅದು ಕೈಗೆಟುಕದ ಮಾತು. ವಿದೇಶಿ ಬಾಟಲಿ ಒಂದಕ್ಕೇ ಸಾವಿರಾರು ರೂಪಾಯಿ. ಮೊಟ್ಟೆ, ಕೋಳಿ, ಜಿಮ್ ಫೀ ಕಳೆದು ಉಳಿದದ್ದರಲ್ಲಿ ಇಬ್ಬರೂ ಸೇರಿ ಒಂದು ಬಾಟಲಿ ತರಿಸಿದರು. ಹಂಚಿಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ದ್ರಾವಣವನ್ನು ಬೇರೆ ಬೇರೆ ಬಟ್ಟಲಿಗೆ ಸುರಿದುಕೊಳ್ಳಬೇಕು, ಸ್ಪಂಜು ಒಬ್ಬೊಬ್ಬರಿಗೆ ಒಂದಿರಬೇಕು. ಒಬ್ಬನ ಮೈಯ ಸೋಂಕು ಇನ್ನೊಬ್ಬನಿಗೆ ಹತ್ತಬಾರದಲ್ಲ.

ಮೊದಲು ಪರೀಕ್ಷೆ. ಸ್ಪರ್ಧೆಗೆ ಒಂದು ವಾರ ಇರುವಾಗಲೇ ಮೊಣಕೈಯ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ಎರಡು ದಿನ ನೋಡಿ. ತುರಿಕೆ, ದದ್ದು ಬಂದರೆ ಆ ಬಾಟಲಿ ನಿಮಗಲ್ಲ. ಮೈ ಕೂದಲು ತೆಗೆಯುವುದನ್ನು ಒಂದೆರಡು ದಿನ ಮುಂಚೆಯೇ ಮುಗಿಸಿ. ಅದೇ ದಿನ ಬೋಳಿಸಿದರೆ ಕೂದಲಿನ ಬುಡದಲ್ಲಿ ಬಣ್ಣ ಕೂತು ಚುಕ್ಕೆ ಚುಕ್ಕೆಯಾಗುತ್ತದೆ, ಉರಿಯೂ ಬರುತ್ತದೆ. ಹಚ್ಚುವ ದಿನ ಒಣಗಿದ ಹೀರೇಕಾಯಿ ನಾರಿನಿಂದ ಮೈ ಚೆನ್ನಾಗಿ ಉಜ್ಜಿ ಸ್ನಾನ ಮಾಡಿ. ಸತ್ತ ಚರ್ಮ ಅಲ್ಲಲ್ಲಿ ದಪ್ಪಗೆ ಉಳಿದರೆ ಅಲ್ಲೇ ಬಣ್ಣ ಹೆಚ್ಚು ಹಿಡಿಯುತ್ತದೆ. ಸ್ನಾನದ ನಂತರ ಎಣ್ಣೆ, ಪೌಡರ್, ಸೆಂಟು, ಡಿಯೋಡರೆಂಟ್ ಯಾವುದೂ ಬೇಡ.

ಮೊಣಕೈ, ಮೊಣಕಾಲು, ಹಿಮ್ಮಡಿಯ ಚರ್ಮ ದಪ್ಪ. ಅಲ್ಲಿಗೆ ಮಾತ್ರ ತೆಳುವಾಗಿ ಕ್ರೀಮ್ ಸವರಿದರೆ ಬಣ್ಣ ಅತಿಯಾಗುವುದಿಲ್ಲ. ಕೈಗವಸು ಹಾಕಿಕೊಂಡೇ ಕೆಲಸ ಶುರು ಮಾಡಿ, ಇಲ್ಲದಿದ್ದರೆ ವಾರವಿಡೀ ಕಿತ್ತಳೆ ಬಣ್ಣದ ಅಂಗೈ ಹೊತ್ತು ಲ್ಯಾಬಿಗೆ ಹೋಗಬೇಕಾಗುತ್ತದೆ. ಕಾಲಿನಿಂದ ಶುರು ಮಾಡಿ ಮೇಲಕ್ಕೆ ಬನ್ನಿ. ಒಂದೇ ಸಲ ದಪ್ಪಗೆ ಬಳಿದರೆ ಇಳಿದು ಗೆರೆಯಾಗುತ್ತದೆ. ತೆಳುವಾಗಿ ಹಚ್ಚಿ, ಪೂರ್ತಿ ಒಣಗಲು ಬಿಟ್ಟು, ಇನ್ನೊಂದು ಸಲ ಹಚ್ಚಿ. ಕಬ್ಬಿಣದ ಗೇಟಿಗೆ ಬಣ್ಣ ಹೊಡೆಯುವವರು ಪಾಲಿಸುವ ನಿಯಮವೂ ಇದೇ. ರಾತ್ರಿ ಎರಡು ಕೋಟು, ಬೆಳಿಗ್ಗೆ ಒಂದು. ಮುಖಕ್ಕೆ ಕೊನೆಗೆ, ಕಡಿಮೆ. ಕಣ್ಣು, ತುಟಿಗೆ ತಾಗಬಾರದು. ಸಿಂಪಡಿಸುವ ಬಾಟಲಿಯಾದರೆ ಉಸಿರಿನೊಳಗೆ ಹೋಗದಂತೆ ನೋಡಿಕೊಳ್ಳಬೇಕು.

ನಮ್ಮ ಊರಿನದೇ ಒಂದೆರಡು ಸಮಸ್ಯೆಗಳಿವೆ. ಮೊದಲನೆಯದು ಬೆವರು. ಬಣ್ಣ ಏರುವ ಮೊದಲೇ ಬೆವರು ಇಳಿದರೆ ಎದೆಯ ಮೇಲೆ ಹಳ್ಳ ಹರಿದ ಗುರುತು ಬೀಳುತ್ತದೆ. ಕೂಲರ್ ಇದೆಯಲ್ಲ ಎನ್ನಬೇಡಿ. ಅದರ ಗಾಳಿಯಲ್ಲಿ ತೇವ, ಕೆಲವೊಮ್ಮೆ ಹನಿಯೂ ಇರುತ್ತದೆ. ಫ್ಯಾನೇ ವಾಸಿ. ಮಾನ್ವಿಯ ಮನೆಯಲ್ಲಿ ಎರಡನೇ ಕೋಟು ಹಾಕುವಾಗ ಕರೆಂಟ್ ಹೋಯಿತು. ಗೆಳೆಯನ ಅಪ್ಪ, ಮುಕ್ಕಾಲು ಗಂಟೆ ಹಳೆಯ ಕ್ಯಾಲೆಂಡರ್ ಹಿಡಿದು ಮಗನಿಗೆ ಗಾಳಿ ಬೀಸಿದರು. "ಮೊಹರಂ ಇನ್ನಾ ದೂರ ಐತಿ, ಈಗ್ಲೇ ಹುಲಿ ವೇಷ ಹಾಕೀರಲ್ಲೋ" ಎಂದು ನಗುತ್ತಲೇ ಬೀಸಿದರು.

ಇನ್ನೊಂದು ಪ್ರಯಾಣ. ಬೆಳಿಗ್ಗೆ ಮಾನ್ವಿಯಿಂದ ರಾಯಚೂರಿಗೆ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸೇ ಗತಿ. ಸಡಿಲವಾದ ತುಂಬುತೋಳಿನ ಕಪ್ಪು ಅಂಗಿ, ಸಡಿಲ ಪೈಜಾಮ, ಸೀಟಿನ ಮೇಲೆ ಹಳೆಯ ಚಾದರ. ಬೆನ್ನು ಒರಗಿಸುವಂತಿಲ್ಲ, ನೀರು ಕುಡಿಯುವಾಗ ಗಲ್ಲದ ಮೇಲೆ ಹನಿ ಬೀಳುವಂತಿಲ್ಲ. ಶೌಚಾಲಯಕ್ಕೆ ಹೋದಾಗಲೂ ಕಾಲಿಗೆ ನೀರು ಸಿಡಿಯದಂತೆ ಎಚ್ಚರ ಬೇಕು. ಕಂಡಕ್ಟರ್ ಎರಡು ಸಲ ತಿರುಗಿ ನೋಡಿದರು, ಏನೂ ಕೇಳಲಿಲ್ಲ.

ಬೇಡವಾದ ಅಡ್ಡದಾರಿಗಳು

ದುಡ್ಡು ಉಳಿಸಲು ಹುಡುಗರು ಏನೇನೋ ಉಪಾಯ ಹೇಳುತ್ತಾರೆ. ಮಾಳಿಗೆ ಮೇಲೆ ಬಿಸಿಲಿಗೆ ಮಲಗು ಎನ್ನುವುದು ಒಂದು. ಬಿಸಿಲಿನಿಂದ ಕಪ್ಪಾಗುವುದೆಂದರೆ ನೇರಳಾತೀತ ಕಿರಣ ಚರ್ಮಕ್ಕೆ ಮಾಡಿದ ಗಾಯಕ್ಕೆ ದೇಹ ಕೊಡುವ ಉತ್ತರ. ನಮ್ಮ ಬಿಸಿಲಿಗೆ ಚರ್ಮ ಸುಟ್ಟು ಸಿಪ್ಪೆ ಏಳುತ್ತದೆ, ದೇಹದ ನೀರೂ ಇಂಗುತ್ತದೆ. ಪೊಟ್ಯಾಸಿಯಂ ಪರ್ಮಾಂಗನೇಟ್ ನೀರು ಚರ್ಮವನ್ನು ಕಂದು ಮಾಡುತ್ತದೆ ನಿಜ, ಗಾಢವಾದರೆ ಸುಡುತ್ತದೆ. ಕೂದಲಿನ ಡೈಯಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ತೀವ್ರ ಅಲರ್ಜಿ ತರಬಲ್ಲದು. ಅದನ್ನು ಮೈಗೆ ಬಳಿಯುವ ಯೋಚನೆಯೂ ಬೇಡ. ಚರ್ಮ ಕಪ್ಪಾಗಿಸುವ ಇಂಜೆಕ್ಷನ್ ಎಂದು ಆನ್‌ಲೈನ್‌ನಲ್ಲಿ ಮಾರುವ ಮೆಲನೊಟಾನ್‌ನಿಂದಂತೂ ದೂರವೇ ಇರಿ. ಟ್ಯಾನ್ ಹಚ್ಚಿದ್ದೇನೆ, ಬಿಸಿಲು ತಾಗುವುದಿಲ್ಲ ಎಂಬುದೂ ತಪ್ಪು ತಿಳಿವಳಿಕೆ.

ನಿಯಮವನ್ನೂ ಓದಿಕೊಳ್ಳಿ. ಅಂತರರಾಷ್ಟ್ರೀಯ ದೇಹದಾರ್ಢ್ಯ ಒಕ್ಕೂಟದ ನಿಯಮದ ಪ್ರಕಾರ ಒರೆಸಿದರೆ ಕೈಗೆ ಬರುವ ಬಣ್ಣಕ್ಕೆ ಅವಕಾಶವಿಲ್ಲ. ಎಣ್ಣೆಯನ್ನೂ ಮಿತವಾಗಿಯೇ ಹಚ್ಚಬೇಕು. ಕಾಫಿ ಪುಡಿ, ಕೋಕೋ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಬಳಿದುಕೊಂಡವರು ಇಲ್ಲೇ ಸಿಕ್ಕಿಬೀಳುತ್ತಾರೆ.

ಇಷ್ಟೆಲ್ಲ ಕಷ್ಟ ಯಾಕೆ ಎಂದು ನೀವು ಕೇಳಬಹುದು. ಮಾನ್ವಿಯ ಗೆಳೆಯ ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿದ್ದ. ಜಿಮ್ ಟ್ರೇನರ್ ಕೆಲಸ ಕೇಳಿ ಹೋದ ಕಡೆಯಲ್ಲೆಲ್ಲ "ಸ್ಟೇಜ್ ಫೋಟೊ ಐತೇನು?" ಎಂದೇ ಕೇಳುತ್ತಿದ್ದರು. ಅವನಿಗೆ ಆ ಒಂದು ಫೋಟೊವೇ ಬಯೊಡೇಟಾ. ಎದೆಯ ಮೇಲೆ ಬೆವರಿನ ಗೆರೆ ಬಿದ್ದಿದ್ದರೆ ಅದು ಫೋಟೊದಲ್ಲಿ ಶಾಶ್ವತವಾಗಿ ಉಳಿಯುತ್ತಿತ್ತು. ಅವನಿಗೆ ಪದಕ ಬರಲಿಲ್ಲ. ಫೋಟೊ ಚೆನ್ನಾಗಿ ಬಂತು. ಈಗ ಬೆಳಿಗ್ಗೆ ಒಂದು ಪಾಳಿಯ ಕೆಲಸ ಸಿಕ್ಕಿದೆ.

ದೇವದುರ್ಗದವನ ಕಥೆ ಬೇರೆ. ಶಾಲೆಯಲ್ಲಿ ಅವನನ್ನು ಎಲ್ಲರೂ "ಕರಿಯ" ಎಂದೇ ಕರೆಯುತ್ತಿದ್ದರಂತೆ. ಪಿಯುಸಿಯಲ್ಲಿದ್ದಾಗ ಅಕ್ಕನ ಫೇರ್‌ನೆಸ್ ಕ್ರೀಮನ್ನು ಕದ್ದು ಹಚ್ಚಿಕೊಳ್ಳುತ್ತಿದ್ದನಂತೆ. ನಾನು ಅವನ ಬೆನ್ನಿಗೆ ಬಣ್ಣ ಹಚ್ಚುತ್ತಿದ್ದ ರಾತ್ರಿ, ಮರುವಾರ ನೋಡಲು ಬರುವ ಗಂಡಿನ ಕಡೆಯವರಿಗಾಗಿ ಆ ಅಕ್ಕ ಒಳಗೆ ಕನ್ನಡಿ ಮುಂದೆ ಕೂತು ಅದೇ ಕ್ರೀಮ್ ಹಚ್ಚಿಕೊಳ್ಳುತ್ತಿದ್ದಳು. ಅವರ ಅವ್ವ ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿದರು. "ಆಕಿಗೆ ಬೆಳ್ಳಗಾಗೋ ಕ್ರೀಮು, ಇವಗ ಕರ್ರಗಾಗೋ ನೀರು. ನಾ ಹಡೆದ ಬಣ್ಣ ಯಾರಿಗೂ ಬ್ಯಾಡಾತು ನೋಡ್ರಿ" ಎಂದರು. ನಾವೆಲ್ಲ ನಕ್ಕೆವು. ಅಕ್ಕ ನಗಲಿಲ್ಲ.

'ಫೇರ್ ಅಂಡ್ ಲವ್ಲಿ' 1975ರಲ್ಲಿ ಮಾರುಕಟ್ಟೆಗೆ ಬಂದ ಕ್ರೀಮು. 2020ರಲ್ಲಿ ಅದರ ಹೆಸರಿನಿಂದ 'ಫೇರ್' ಹೋಗಿ 'ಗ್ಲೋ' ಬಂತು. ಹೆಸರು ಬದಲಾದಷ್ಟು ಸುಲಭವಾಗಿ ಹೆಣ್ಣು ನೋಡಲು ಬರುವವರ ಕಣ್ಣು ಬದಲಾಗುವುದಿಲ್ಲ. ತಮ್ಮನ ಬಣ್ಣ ಒಂದು ದಿನದ ವೇಷ, ವಾರದಲ್ಲಿ ಉದುರುತ್ತದೆ. ಅಕ್ಕನಿಗೆ ಆ ಸೌಲಭ್ಯವಿಲ್ಲ. ವೇದಿಕೆಯ ಮೇಲೆ ಕಪ್ಪಿಗೆ ಅಂಕ ಸಿಗುತ್ತದೆ, ಮನೆಯ ಜಗಲಿಯ ಮೇಲೆ ಕಳೆಯುತ್ತಾರೆ. ಚರ್ಮವೆಂಬುದು ಎರಡೂ ಕಡೆ ಒಂದೇ, ನೋಡುವವರ ದೀಪ ಮಾತ್ರ ಬೇರೆ. ಸ್ಪಂಜು ಹಿಡಿದು ಬೆನ್ನ ಹಿಂದೆ ನಿಂತಿದ್ದಾಗ ನನಗೆ ಅರ್ಥವಾದದ್ದು ಇಷ್ಟು. ಗೆಳೆಯನೂ ಅದನ್ನು ಕಂಡಿದ್ದಾನೆ. ಸ್ಪರ್ಧೆ ಮುಗಿದ ಮೇಲೆ ಅವನು ಜಿಮ್‌ನಲ್ಲಿ ಯಾರನ್ನೂ "ಕರಿಯ" ಎಂದು ಕರೆಯಲು ಬಿಡುವುದಿಲ್ಲ, ತಮಾಷೆಗೂ ಬಿಡುವುದಿಲ್ಲ.

ಈ ವರ್ಷ ಮೊದಲ ಸಲ ವೇದಿಕೆ ಏರುವ ಗೆಳೆಯರಿಗೆ ನನ್ನದೊಂದು ಮಾತು. ಬಾಟಲಿಯನ್ನು ಹದಿನೈದು ದಿನ ಮುಂಚೆಯೇ ತರಿಸಿ, ಮೊಣಕೈಯಲ್ಲಿ ಪರೀಕ್ಷಿಸಿ, ಕಪ್ಪು ಅಂಗಿಯೊಂದನ್ನು ಒಗೆದಿಡಿ. ಬೆನ್ನಿಗೆ ಹಚ್ಚಲು ತಾಳ್ಮೆ ಇರುವ ಗೆಳೆಯನೊಬ್ಬನಿಗೆ ಈಗಲೇ ಹೇಳಿಡಿ. ಅವನಿಗೆ ಮರುದಿನ ಇಂಟರ್ನಲ್ಸ್ ಇಲ್ಲ ಎಂಬುದನ್ನೂ ಒಮ್ಮೆ ಕೇಳಿಕೊಳ್ಳಿ.